ಹಳೆಯ ಕೀಲಿಕೈಯ ಸಮ್ಮತಿ

ಕೆಲಸಕ್ಕೆ ಬರುತ್ತಿರುವ ವಸ್ತುವನ್ನು ಬದಲಿಸುವುದು ಧರ್ಮವೋ, ಅಥವಾ ಅದು ಪೂರಾ ಕೆಟ್ಟು ನಿಂತ ಮೇಲೆ ಬದಲಿಸುವುದು ಧರ್ಮವೋ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಒಂದು ಹಳೆಯ ಮೋಟಾರು.

ಶಹಾಪುರದ ನನ್ನ ಮಿತ್ರರೊಬ್ಬರಲ್ಲಿ ಅವರ ತಂದೆಯವರು ಕೊಂಡ ಬೆಲೆಬಾಳುವ ಕಾರೊಂದಿದೆ. ಎರಡು ವರುಷಗಳಿಂದ ಅದರ ಇಗ್ನಿಷನ್ ಬೀಗದಲ್ಲಿ ಕೀಲಿಕೈ ಸರಾಗವಾಗಿ ತಿರುಗುತ್ತಿರಲಿಲ್ಲ. ತುಸು ಹೊರಗೆಳೆದು, ತುಸು ಅಲುಗಿಸಿದರೆ ತಿರುಗುತ್ತಿತ್ತು. ಆ ಮರ್ಮ ಮಿತ್ರರೊಬ್ಬರಿಗೇ ಗೊತ್ತು. ಅವರ ಮಗನ ಕೈಗೆ ಅದು ಒಲಿಯಲಿಲ್ಲ. ಯಾದಗಿರಿಯ ಮಿಸ್ತ್ರಿಯೊಬ್ಬನು, “ಸಾವ್ಕಾರ್ರೆ, ಕೀಲಿಕೈ ತಿರುಗುವಾಗಲೇ ಬದಲಿ ಮಾಡಿಸಿಬಿಡ್ರಿ” ಎಂದು ಎರಡು ಸಲ ಹೇಳಿದ್ದನು. ಇವರು ನಕ್ಕು, “ನಡೆದಷ್ಟು ದಿನ ನಡೆಯಲಿ, ತಂದೆಯವರ ಕಾಲದ ಬೀಗ” ಎಂದರು. ಒಂದು ಮುಂಜಾನೆ ಸುರಪುರದಲ್ಲಿ, ನೆಂಟರ ಮನೆಯ ಮುಂದೆ, ಕೀಲಿಕೈ ತಿರುಗದೆ ಹೋಯಿತು.

ಬೀಗದ ಒಳಗನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸಿಲಿಂಡರಿನೊಳಗೆ ಲೋಹದ ಸಣ್ಣ ತಗಡುಗಳು ಸ್ಪ್ರಿಂಗುಗಳ ಒತ್ತಡದಲ್ಲಿ ಕುಳಿತಿರುತ್ತವೆ. ಕೀಲಿಕೈಯ ಕಚ್ಚುಗಳು ಒಂದೊಂದನ್ನೂ ಅದರ ನಿಯತ ಸ್ಥಾನಕ್ಕೆ ತಂದಾಗ ಮಾತ್ರ ಸಿಲಿಂಡರು ತಿರುಗುತ್ತದೆ. ಸಾವಿರಾರು ಸಲ ತಿಕ್ಕಾಡಿ ತಗಡೂ ಸವೆಯುತ್ತದೆ, ಕೀಲಿಕೈಯೂ ಸವೆಯುತ್ತದೆ. ವಿಚಾರಾರ್ಹವಾದುದು ಮುಂದಿನ ಸಂಗತಿ. 1976ರಿಂದ ತಯಾರಾದ ಮರ್ಸಿಡಿಸ್-ಬೆಂಝ್ 123ನೆಯ ಶ್ರೇಣಿಯಂತಹ ಕಾರುಗಳಲ್ಲಿ ಸಿಲಿಂಡರನ್ನು ಸುಲಭವಾಗಿ ಹೊರತೆಗೆಯಬೇಕಾದರೆ ಹಳೆಯ ಕೀಲಿಕೈಯನ್ನು ಮೊದಲನೆಯ ಸ್ಥಾನಕ್ಕೆ ತಿರುಗಿಸಲೇಬೇಕು. ಆಗ ಸಣ್ಣ ರಂಧ್ರಕ್ಕೆ ಗಟ್ಟಿ ತಂತಿಯೊಂದನ್ನು ತೂರಿಸಿದರೆ ಹಿಡಿತ ಬಿಡುತ್ತದೆ. ತಿರುಗದಿದ್ದರೋ, ಕಳ್ಳನಿಗೆ ಅಡ್ಡವಾಗಲೆಂದು ಇಟ್ಟ ಉಕ್ಕೇ ಒಡೆಯನಿಗೂ ಅಡ್ಡವಾಗುತ್ತದೆ. ಕೊರೆದು ಒಡೆಯುವುದೇ ಗತಿ. ಹಳೆಯದನ್ನು ಶಾಂತವಾಗಿ ಬದಲಿಸುವುದಕ್ಕೆ ಹಳೆಯದರ ಸಮ್ಮತಿಯೇ ಬೇಕು. ಆ ಸಮ್ಮತಿಗೆ ಅವಧಿಯುಂಟು.

ಈ ಮಾತು ಯಂತ್ರಕ್ಕೆ ಮಾತ್ರವೇ ಸಲ್ಲುವುದೆ? ನಮ್ಮ ಸೀಮೆಯ ಚರಿತ್ರೆಯನ್ನು ನೋಡಿರಿ. 1947ರ ನವೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಒಂದು ವರುಷದ ಯಥಾಸ್ಥಿತಿ ಒಪ್ಪಂದವನ್ನು ಮಾಡಿಕೊಂಡಿತು. ಆಗ ಕೀಲಿಕೈ ಇನ್ನೂ ತಿರುಗುತ್ತಿತ್ತು. ಆ ಕಾಲ ವ್ಯರ್ಥವಾಯಿತು. 1948ರ ಸೆಪ್ಟೆಂಬರ್ 13ರಂದು ಸೈನ್ಯವು ಒಳಹೊಕ್ಕಿತು. 17ರಂದು ನಿಜಾಮರು ಮಣಿದರು. ವಿಮೋಚನೆಯೇನೋ ದೊರೆಯಿತು. ಆದರೆ ಕೊರೆತದ ಚೂರುಗಳು ಬಿದ್ದುದು ಯಾರ ಮೇಲೆ? ಮೊದಲು ರಜಾಕಾರರ ಕೈಯಲ್ಲಿ ಹಿಂದೂ ಗ್ರಾಮಸ್ಥರು, ಬಳಿಕ ಸೇಡಿನ ಕೈಯಲ್ಲಿ ಮುಸಲ್ಮಾನ ಗ್ರಾಮಸ್ಥರು ನೊಂದರು. ಸುಂದರಲಾಲ್ ಸಮಿತಿಯು ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಎಣಿಸಿತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಆ ಜಿಲ್ಲೆಯವೇ. ತಡಮಾಡಿದವನ ದಂಡವನ್ನು ತಡಮಾಡದವರು ತೆತ್ತರು.

ಹಾಗಾದರೆ ಸಕಾಲದಲ್ಲಿ ಒಪ್ಪಿಸಿದವರಿಗೆ ಸತ್ಫಲವು ನಿಶ್ಚಯವೋ? ಹಾಗೆಂದು ಹೇಳಲಾರೆ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನು 1853ರಲ್ಲಿ ಅಧಿಕಾರವನ್ನು ಅವರಿಗೆ ಒಪ್ಪಿಸಿ ಹೊರಟುಹೋದನು. ಐದೇ ವರುಷಗಳಲ್ಲಿ, 1858ರ ಬಂಡಾಯದಲ್ಲಿ, ಸಂಸ್ಥಾನವೂ ಹೋಯಿತು, ಅರಸರೂ ತೀರಿಕೊಂಡರು. ಆದರೂ ಒಪ್ಪಿಸಿದುದು ತಪ್ಪಾಗಲಿಲ್ಲ. ಒಪ್ಪಿಸುವುದು ಹಿಡಿದವನ ಕರ್ತವ್ಯ. ಮುಂದಿನ ದಾರಿ ಪಡೆದವನದು.

ಮಿತ್ರರ ಪಕ್ಷದಲ್ಲಿಯೂ ನ್ಯಾಯವುಂಟು. ತಂದೆಯ ಬೀಗವನ್ನು ಉಳಿಸಿಕೊಳ್ಳಬೇಕೆಂಬ ಪ್ರೀತಿಯನ್ನು ಅಪರಾಧವೆನ್ನಲಾರೆವು. ಆದರೆ ಸಕಾಲದಲ್ಲಿ ಮಾಡಿದ್ದರೆ ಹೊಸ ಸಿಲಿಂಡರಿನ ತಗಡುಗಳನ್ನು ಹಳೆಯ ಕೀಲಿಕೈಯ ಮೂಲ ಕಚ್ಚುಗಳಿಗೆ ಹೊಂದಿಸಬಹುದಾಗಿತ್ತು. ಬೀಗ ಹೊಸದಾದರೂ ಮನೆತನದ ಕಚ್ಚು ಉಳಿಯುತ್ತಿತ್ತು. ಅವಸರದಲ್ಲಿ ಸಿಕ್ಕಿದ್ದನ್ನು ಹಾಕಿಸಬೇಕಾಯಿತು. ಈಗ ಅವರ ಬಳಿ ಬಾಗಿಲಿಗೆ ತಂದೆಯವರ ಕೀಲಿಕೈ, ಇಗ್ನಿಷನ್ನಿಗೆ ಬೇರೊಂದು.

ಸಮಯ ಬಂದಿತೆಂದು ತಿಳಿಯುವುದು ಹೇಗೆ? ಒಂದು ಲಕ್ಷಣವನ್ನು ಆ ಕಾರೇ ಹೇಳಿತ್ತು. ನಮ್ಮ ಕೈಯೊಂದಕ್ಕೇ ತಿರುಗಿ, ಮಕ್ಕಳ ಕೈಗೆ ತಿರುಗದ ಬೀಗವು ಆಗಲೇ ಅರ್ಧ ಕೆಟ್ಟಿದೆ. ನಾವು ಅದನ್ನು ನಮ್ಮ ಜಾಣತನವೆಂದು ಎಣಿಸಿ ಹಿಗ್ಗುತ್ತೇವೆ.

ಇದನ್ನು ಬರೆಯುತ್ತಿರುವವನ ಮನೆಯಲ್ಲಿಯೂ ತಿಜೋರಿಯ ಕೀಲಿಕೈ, ಹೊಲದ ಲೆಕ್ಕ, ಸಾಲದ ಪತ್ರಗಳ ಮರ್ಮ ಒಬ್ಬನ ಕೈಯಲ್ಲಿಯೇ ಇವೆ. ಮಗನಿಗೆ ನಲವತ್ತು ತುಂಬಿತು. “ಇನ್ನೂ ನಡೆಯುತ್ತಿದೆಯಲ್ಲ” ಎಂದು ನಾನೂ ಹೇಳುತ್ತ ಬಂದಿದ್ದೇನೆ. ಈ ಲೇಖನವು ವಾಚಕರ ಕೈಸೇರುವ ಮೊದಲೇ ಆ ಗೊಂಚಲು ಅವನ ಕೈಸೇರಬೇಕೆಂದು ನಿಶ್ಚಯಿಸಿದ್ದೇನೆ.