ಸಂಬಳ ನೋಡಿ ಕೊಡುವ ಲೈಸೆನ್ಸು



ಇಂದಿನ ಚಿಂತನೆ ಕುವೈತಿನಿಂದ. ನಮ್ಮ ಗುಂಪಿಗೆ ಹೊಸದಾಗಿ ಸೇರಿದ ತಮ್ಮನೊಬ್ಬ ಹೋದ ವಾರ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ಧಮ್ಮ ಹಿಡಿದವರಿಗೆ ಪರದೇಶದಲ್ಲಿ ಸ್ವಂತ ಕಾರು ಯಾಕೆ ಬೇಕು? ಅದು ತೃಷ್ಣೆ ಅಲ್ವಾ?" ನಾಲ್ಕು ಜನ ಇಮೋಜಿ ಹಾಕಿ ಸುಮ್ಮನಾದರು. ನಗುವ ಪ್ರಶ್ನೆ ಅಲ್ಲ ಅದು. ಉತ್ತರ ಹುಡುಕುತ್ತಾ ಹೋದರೆ ನಾವು ನೋಡದೇ ಬಿಟ್ಟ ಇನ್ನೊಂದು ಪ್ರಶ್ನೆ ಎದುರು ಬಂದು ನಿಲ್ಲುತ್ತದೆ.

ಮೊದಲು ತೃಷ್ಣೆಯ ಮಾತು. ತಥಾಗತರು ಗೃಹಸ್ಥನಿಗೆ ಬಡವನಾಗಿರು ಎಂದು ಹೇಳಿದವರಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನು ಒತ್ತಿ ಹೇಳಿದ್ದಾರೆ, ಬಡತನವನ್ನು ಬುದ್ಧ ಪುಣ್ಯದ ಸ್ಥಿತಿ ಎಂದು ಎಲ್ಲೂ ಹೊಗಳಿಲ್ಲ ಎಂದು. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ತಿಳಿಸುವಾಗ ಬುದ್ಧರು ಮೊದಲು ಹೇಳುವುದೇ ಅತ್ಥಿಸುಖ: ಬೆವರು ಸುರಿಸಿ, ನ್ಯಾಯವಾಗಿ ದುಡಿದದ್ದು ನನ್ನ ಬಳಿ ಇದೆ ಎಂಬ ಸುಖ. ಎರಡನೆಯದು ಭೋಗಸುಖ, ದುಡಿದದ್ದನ್ನು ಅನುಭವಿಸುವುದು, ಒಳ್ಳೆಯದಕ್ಕೆ ಖರ್ಚು ಮಾಡುವುದು. ಮೂರನೆಯದು ಅನಣಸುಖ, ಯಾರಿಗೂ ಸಾಲಗಾರನಲ್ಲ ಎಂಬ ನೆಮ್ಮದಿ. ನಾಲ್ಕನೆಯದು ಅನವಜ್ಜಸುಖ, ನಡೆ ನುಡಿ ಮನಸ್ಸಿನಲ್ಲಿ ಬೆರಳು ತೋರಿಸುವಂಥ ಕೆಲಸ ಮಾಡಿಲ್ಲ ಎಂಬ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಸಮ ಆಗುವುದಿಲ್ಲ ಎನ್ನುತ್ತಾರೆ ಬುದ್ಧರು.

ಈ ಅಳತೆಗೋಲು ಹಿಡಿದರೆ ಕಾರಿನ ಲೆಕ್ಕ ಸುಲಭ. ಈ ದೇಶದಲ್ಲಿ ಜುಲೈ ತಿಂಗಳ ಬಿಸಿಲು ಹೇಗಿರುತ್ತದೆ ಎಂದರೆ, 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ದಾಖಲಾಗಿದೆ. ಬೇಸಿಗೆಯ ಮೂರು ತಿಂಗಳು ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಸರ್ಕಾರದ್ದೇ ಆದೇಶವಿದೆ. ಕೆಲಸ ಮಾಡಿಸಬಾರದು ಸರಿ, ಆದರೆ ಬಸ್ ಸ್ಟಾಪಿನಲ್ಲಿ ನಿಂತು ಕಾಯುವವನಿಗೆ ಯಾವ ಆದೇಶವೂ ನೆರಳು ಕೊಡುವುದಿಲ್ಲ. ಪೆಟ್ರೋಲ್ ದರ 2016ರಲ್ಲಿ ಏರಿಸಿದ ಮೇಲೂ ಲೀಟರಿಗೆ 85 ಫಿಲ್ಸ್. ಸಾವಿರ ಫಿಲ್ಸ್‌ಗೆ ಒಂದು ದಿನಾರು. ಇಂಥ ಕಡೆ ಕಾರು ಶೋಕಿಯ ವಸ್ತು ಅಲ್ಲ, ನಮ್ಮೂರಲ್ಲಿ ಕೊಡೆ ಇದ್ದ ಹಾಗೆ. ಶೋಕಿ ಎಲ್ಲಿದೆ ಎಂದರೆ ಎರಡು ವರ್ಷದ ವೀಸಾ ಇಟ್ಟುಕೊಂಡು ಐದು ವರ್ಷದ ಕಂತಿನಲ್ಲಿ ದೊಡ್ಡ ಗಾಡಿ ತೆಗೆಯುವುದರಲ್ಲಿದೆ. ಸಾಲ ಬಾಕಿ ಇದ್ದರೆ ಇಲ್ಲಿ ದೇಶ ಬಿಡದಂತೆ ತಡೆ ಬೀಳುತ್ತದೆ. ಊರಲ್ಲಿ ತಾಯಿ ಮಣ್ಣಿಗೆ ಹೋದರೂ ಮಗ ವಿಮಾನ ಹತ್ತುವ ಹಾಗಿಲ್ಲ. ಅನಣಸುಖ ಎಂದರೇನು ಎಂದು ತಿಳಿಯಲು ಪಾಲಿ ಕಲಿಯಬೇಕಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಕೈಯಲ್ಲಿದ್ದ ದುಡ್ಡು ಕೊಟ್ಟು ತಗೊಂಡದ್ದು. ಅಲ್ಲಿಗೆ ತಮ್ಮನ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ನಾಲ್ಕನೆಯ ಸುಖ ಇದೆಯಲ್ಲ, ಬೆರಳು ತೋರಿಸಲಾಗದ ಬದುಕು, ಅದು ಇಷ್ಟು ಬೇಗ ಮುಗಿಯುವುದಿಲ್ಲ.

ಕುವೈತಿನಲ್ಲಿ ಪರದೇಶದವರಿಗೆ ಲೈಸೆನ್ಸ್ ಹೇಗೆ ಸಿಗುತ್ತದೆ ಎಂದು ಭಾರತದಲ್ಲಿರುವ ಬಂಧುಗಳಿಗೆ ತಿಳಿದಿರಲಿಕ್ಕಿಲ್ಲ. ಗಾಡಿ ಓಡಿಸಲು ಬರಬೇಕು, ಪರೀಕ್ಷೆ ಪಾಸಾಗಬೇಕು, ಅದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಅದಕ್ಕಿಂತ ಮೊದಲು ಮೂರು ಷರತ್ತುಗಳಿವೆ: ಎರಡು ವರ್ಷ ವಾಸವಿರಬೇಕು, ವಿಶ್ವವಿದ್ಯಾಲಯದ ಪದವಿ ಇರಬೇಕು, ತಿಂಗಳ ಸಂಬಳ 600 ದಿನಾರು ಇರಬೇಕು. ಕೆಲವು ಹುದ್ದೆಗಳಿಗೆ ವಿನಾಯಿತಿ ಇದೆ. ಡ್ರೈವರ್ ಕೆಲಸಕ್ಕೇ ಬಂದವರಿಗೂ ಇದೆ, ಆದರೆ ಆ ಲೈಸೆನ್ಸ್ ಕೆಲಸಕ್ಕೆ ಕಟ್ಟಿದ್ದು, ಹುದ್ದೆ ಬದಲಾದರೆ ಹೋಯಿತು. ಖಾಸಗಿ ವಲಯದ ಕನಿಷ್ಠ ಸಂಬಳ 75 ದಿನಾರು. ಮನೆಗೆಲಸದವರಿಗೆ 2016ರಲ್ಲಿ ಗೊತ್ತು ಮಾಡಿದ್ದು 60. ಅಂದರೆ ಸ್ಟೇರಿಂಗ್ ಮುಟ್ಟುವ ಅರ್ಹತೆ ಕನಿಷ್ಠ ಸಂಬಳದ ಎಂಟು ಪಟ್ಟು ಮೇಲಿದೆ.

ನನ್ನ ಫ್ಲ್ಯಾಟಿನಲ್ಲಿ ನಾಲ್ಕು ಜನ ಇದ್ದೇವೆ. ಅವರಲ್ಲಿ ಒಬ್ಬರು ಊರಲ್ಲಿ ಹನ್ನೆರಡು ವರ್ಷ ಲಾರಿ ಹೊಡೆದವರು. ಕಬ್ಬಿನ ಲೋಡು, ಸಿಮೆಂಟು, ಘಾಟಿ ರಸ್ತೆ ಎಲ್ಲ ಕಂಡವರು. ಈಗ ಗೋದಾಮಿನಲ್ಲಿ ಬಾಕ್ಸು ಎತ್ತುತ್ತಾರೆ. ಪದವಿ ಇಲ್ಲ, ಸಂಬಳ ಇಲ್ಲ, ಹಾಗಾಗಿ ಲೈಸೆನ್ಸ್ ಇಲ್ಲ. ಪದವಿ ಇದ್ದ ನನಗೆ ಇದೆ. ನಮ್ಮಿಬ್ಬರಲ್ಲಿ ಗಾಡಿ ಯಾರು ಚೆನ್ನಾಗಿ ಓಡಿಸುತ್ತಾರೆ ಎಂದು ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ನನ್ನ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡೇ, "ಸರ್, ಮುಂದಿನ ಎಡ ಚಕ್ರದ ಬೇರಿಂಗ್ ಹೋಗ್ತಿದೆ ನೋಡ್ರಿ" ಅಂತ ಹೇಳುವ ಮನುಷ್ಯ ಅವರು.

ಇದು ಜಾತಿಯೇ ಎಂದು ಕೆಲವರು ಕೂಡಲೇ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅಸ್ಪೃಶ್ಯತೆ ಎಂಬ ಮಾತನ್ನು ಸಿಕ್ಕಲ್ಲೆಲ್ಲ ಖರ್ಚು ಮಾಡಿದರೆ ಅದು ಸವೆದ ನಾಣ್ಯದ ಹಾಗಾಗುತ್ತದೆ. ಸಂಬಳ ಏರಬಹುದು, ಪದವಿ ಓದಬಹುದು, ಬೇಡ ಎಂದರೆ ಊರಿಗೆ ಹೋಗಬಹುದು. ಜಾತಿಯಿಂದ ಹಾಗೆ ಟಿಕೆಟ್ ತೆಗೆದುಕೊಂಡು ಹೊರಟುಬಿಡಲು ಆಗುತ್ತದೆಯೇ? ಬಾಬಾಸಾಹೇಬರು ಅಮೆರಿಕ ಮತ್ತು ಯುರೋಪಿನಲ್ಲಿ ಐದು ವರ್ಷ ಇದ್ದಾಗ ತಾನು ಅಸ್ಪೃಶ್ಯ ಎಂಬ ಅರಿವೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು ಬರೆದಿದ್ದಾರೆ. ಇಲ್ಲಿಯೂ ಬಸ್ಸಿನವನು, ಬಕಾಲಾದವನು, ಹೋಟೆಲಿನವನು ಯಾರೂ ನಮ್ಮ ಜಾತಿ ಕೇಳುವುದಿಲ್ಲ. ಕೇಳುವವರು ನಮ್ಮ ದೇಶದವರೇ, "ಊರು ಯಾವುದು? ಊರಲ್ಲಿ ಮನೆ ಯಾವ ಕಡೆ?" ಎಂದು ಸುತ್ತು ಹಾಕಿ.

ಇನ್ನೊಂದು ಮಾತೂ ನ್ಯಾಯವಾಗಿ ಹೇಳಬೇಕು. ಇದು ಸಣ್ಣ ದೇಶ. ಇಲ್ಲಿ ವಾಸಿಸುವವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಹೊರಗಿನವರು. ಬೆಳಿಗ್ಗೆ ಏಳು ಗಂಟೆಗೆ ಹೆದ್ದಾರಿ ನೋಡಿದವರಿಗೆ ಟ್ರಾಫಿಕ್ಕಿನ ಕಷ್ಟ ಸುಳ್ಳಲ್ಲ ಎಂದು ಗೊತ್ತು. ಮನೆ ಯಜಮಾನನಿಗೆ ಅತಿಥಿಗಳ ಗಾಡಿ ಎಷ್ಟಿರಬೇಕು ಎಂದು ಹೇಳುವ ಹಕ್ಕಿದೆ. ನಿಯಮ ಅವರದು, ಬದಲಿಸುವುದೂ ಅವರದೇ ಕೆಲಸ. ಆದರೆ ಯೋಚಿಸುವುದು ನಮ್ಮ ಕೆಲಸ: ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳುವ ನಿಯಮಕ್ಕೂ, ನಿನ್ನ ಸಂಬಳ ಎಷ್ಟು ಎಂದು ಕೇಳುವ ನಿಯಮಕ್ಕೂ ಒಂದೇ ನೈತಿಕ ಬಲ ಇದೆಯೇ? ಮೊದಲನೆಯದು ರಸ್ತೆಯಲ್ಲಿರುವ ಇತರರ ಪ್ರಾಣ ನೋಡುತ್ತದೆ. ಎರಡನೆಯದು ಯಾರ ಹೊತ್ತಿಗೆ ಬೆಲೆ ಇದೆ, ಯಾರ ಹೊತ್ತಿಗೆ ಇಲ್ಲ ಎಂದು ತೀರ್ಮಾನ ಮಾಡಿಬಿಡುತ್ತದೆ.

ನನ್ನನ್ನು ಕಾಡುವುದು ಆ ನಿಯಮಕ್ಕಿಂತ ಅದರ ಬಗ್ಗೆ ನಮ್ಮವರು ಆಡುವ ಮಾತು. ಲೈಸೆನ್ಸ್ ಇರುವವರ ಬಾಯಲ್ಲಿ, ಅದರಲ್ಲೂ ನಮ್ಮ ಜನರ ಬಾಯಲ್ಲೇ ಕೇಳಿದ್ದೇನೆ: "ಎಲ್ಲರಿಗೂ ಕೊಟ್ಟರೆ ರಸ್ತೆ ಏನಾಗಬೇಕು ಹೇಳಿ?" ಮೀಸಲಾತಿಯಿಂದ ಸೀಟು ಪಡೆದು, ಹಾಸ್ಟೆಲಿನ ಅನ್ನ ತಿಂದು ಪದವಿ ಮಾಡಿದವರು ಅವರು. "ಎಲ್ಲರನ್ನೂ ಒಳಗೆ ಬಿಟ್ಟರೆ ಕಾಲೇಜಿನ ಗುಣಮಟ್ಟ ಏನಾಗಬೇಕು?" ಎಂಬ ಮಾತನ್ನು ಕೇಳಿ ಕುದಿದವರು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದನ್ನೇ. ಮೇಲಿನವನು ತುಳಿಯುತ್ತಾನೆ ಎಂಬುದು ಅದರ ಅರ್ಧ ಮಾತ್ರ. ನನ್ನ ಕೆಳಗೆ ಇನ್ನೊಬ್ಬ ಇದ್ದಾನೆ ಎಂಬ ಸಮಾಧಾನಕ್ಕಾಗಿ ನಾನೇ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತೇನೆ, ಅದು ಉಳಿದರ್ಧ. ಜಾತಿಯ ಏಣಿ ಇಲ್ಲದ ಕಡೆಯೂ ಹಿಡಿಯುವ ಆ ಕೈಯ ಅಭ್ಯಾಸ ಹೋಗುವುದಿಲ್ಲ.

"ಎಲ್ಲವೂ ಅನಿತ್ಯ ಬಿಡಿ, ಇವತ್ತು ಬಸ್ಸು, ನಾಳೆ ಕಾರು" ಎಂದು ಸಮಾಧಾನ ಹೇಳುವವರೂ ಇದ್ದಾರೆ. ಅನಿತ್ಯವನ್ನು ಕಾರಿರುವವನು ತನ್ನ ಕಾರಿಗೆ ಹೇಳಿಕೊಳ್ಳಲಿ. ಕೆಲಸ ಹೋಗಿ ಇಕಾಮಾ ರದ್ದಾದರೆ ಗಾಡಿಯನ್ನು ಸಿಕ್ಕ ಬೆಲೆಗೆ ಮಾರಿ, ದಫ್ತರ್ ಇನ್ನೊಬ್ಬರ ಹೆಸರಿಗೆ ಮಾಡಿ, ಟ್ರಾಫಿಕ್ ದಂಡ ಬಾಕಿ ಇಲ್ಲದಂತೆ ಕಟ್ಟಿ ಹೊರಡಬೇಕು. ಪರದೇಶಿಯ ಕಾರಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ ಮೊದಲ ದಿನದಿಂದಲೇ ಕಾಣದ ಹಾಗೆ ಅಂಟಿಕೊಂಡಿರುತ್ತದೆ. ಆ ಪಾಠ ನನಗೆ ಒಳ್ಳೆಯದು. ಬಿಸಿಲಲ್ಲಿ ನಿಂತವನಿಗೆ ಅದೇ ಪಾಠ ಹೇಳಿದರೆ ಪೂರ್ವಜನ್ಮದ ಕರ್ಮ ಎಂದು ಹೇಳಿದ ಪುರೋಹಿತನಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಬಾಬಾಸಾಹೇಬರ ಆತ್ಮಕಥನದ ಪುಟಗಳಿಗೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಹೆಸರಿದೆ. ಅದರಲ್ಲಿ ಎರಡು ಘಟನೆ ಗಾಡಿಯದ್ದೇ. 1901ರಲ್ಲಿ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಚೆನ್ನಾಗಿ ಬಟ್ಟೆ ತೊಟ್ಟು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಮಹಾರರು ಎಂದು ತಿಳಿದ ಮೇಲೆ ಎತ್ತಿನ ಗಾಡಿಯವರು ಯಾರೂ ಬರುವುದಿಲ್ಲ. ಕೊನೆಗೆ ಒಪ್ಪಂದ: ಬಾಡಿಗೆ ಎರಡು ಪಟ್ಟು, ಗಾಡಿ ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಇಪ್ಪತ್ತೆಂಟು ವರ್ಷ ಕಳೆದು, 1929ರಲ್ಲಿ, ಚಾಳೀಸ್‌ಗಾಂವಿನಲ್ಲಿ ಬ್ಯಾರಿಸ್ಟರ್ ಅಂಬೇಡ್ಕರ್ ಅವರಿಗೆ ಟಾಂಗಾದವರು ಗಾಡಿ ಕೊಡಲು ಒಪ್ಪಿದರು, ಹೊಡೆಯಲು ಒಪ್ಪಲಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋಗಬಾರದು ಎಂದು ಅಲ್ಲಿಯ ನಮ್ಮ ಜನ ಟಾಂಗಾ ಹೊಡೆದು ಗೊತ್ತಿಲ್ಲದವನನ್ನೇ ಕೂರಿಸಿದರು. ಮೋರಿಯ ಹತ್ತಿರ ಚಕ್ರ ಕಲ್ಲಿನ ನಡುವೆ ಸಿಕ್ಕು ಬಾಬಾಸಾಹೇಬರು ಕೆಳಗೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ನನ್ನ ಗೌರವ ಉಳಿಸಲು ಹೋಗಿ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದ್ದರು ಎಂದು ಅವರು ಆಮೇಲೆ ಬರೆದರು, ಕಹಿಯಿಂದಲ್ಲ, ಅರ್ಥ ಮಾಡಿಕೊಂಡು.

ಅಲ್ಲಿ ಹೊಡೆಯಲು ಬರುವವನು ಹೊಡೆಯಲೊಲ್ಲ. ಇಲ್ಲಿ ಹೊಡೆಯಲು ಬರುವವನಿಗೆ ಹೊಡೆಯುವಂತಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ಮೇಲೆಯೇ ಹೇಳಿದ್ದೇನೆ. ಆದರೂ ಪ್ರತಿ ಶುಕ್ರವಾರ ಲಾರಿ ಹೊಡೆದ ಕೈಗಳು ತೊಡೆಯ ಮೇಲೆ ಸುಮ್ಮನೆ ಕೂತಿರುವುದನ್ನು ನೋಡುವಾಗ ನನಗೆ ಆ ಟಾಂಗಾ ನೆನಪಾಗುತ್ತದೆ.

ಈಗ ನಾವೇನು ಮಾಡಬಹುದು? ಓದಿಗೆ ಬರುವವರನ್ನು ಕಾರಿನಲ್ಲಿ ಕರೆತರುತ್ತೇವೆ. ದುಡ್ಡು ತೆಗೆದುಕೊಳ್ಳುವಂತಿಲ್ಲ, ಸ್ವಂತ ಕಾರಿನಲ್ಲಿ ಬಾಡಿಗೆಗೆ ಜನ ಕೂರಿಸುವುದು ಇಲ್ಲಿ ಅಪರಾಧ, ಗಡೀಪಾರಿನವರೆಗೂ ಹೋಗುತ್ತದೆ. ಹಾಗಾಗಿ ಪುಕ್ಕಟೆ. ಆದರೆ ಪುಕ್ಕಟೆಗೂ ಒಂದು ಬೆಲೆ ಇದೆ. ವಾರ ವಾರ ಪುಕ್ಕಟೆ ಕೂತವನು ಮೂರನೇ ವಾರಕ್ಕೆ ಹಿಂದಿನ ಸೀಟು ಹುಡುಕುತ್ತಾನೆ, ನಾಲ್ಕನೇ ವಾರ ನಮ್ಮ ಮಾತಿಗೆ ಎದುರು ಮಾತಾಡುವುದು ಬಿಡುತ್ತಾನೆ. ಓದಿನಲ್ಲಿ ಎದುರು ಮಾತೇ ಇಲ್ಲದಿದ್ದರೆ ಅಂಥ ಓದು ಯಾಕೆ? ಒಬ್ಬರು ಬೆಳಿಗ್ಗೆ ಎದ್ದು ನನ್ನ ಕಾರು ತೊಳೆಯಲು ಬಕೆಟ್ ಹಿಡಿದು ಬಂದಿದ್ದರು. ಈ ಊರಿನಲ್ಲಿ ಕಾರು ತೊಳೆಯುವವರು ಯಾರು, ತೊಳೆಸಿಕೊಳ್ಳುವವರು ಯಾರು ಎಂಬುದು ನಮಗೆಲ್ಲ ಗೊತ್ತು. ಬಕೆಟ್ ಒಳಗಿಡಿಸಿ ಇಬ್ಬರೂ ಚಹಾ ಕುಡಿದೆವು.

ತಥಾಗತರು ಜನರನ್ನು ಕೂಡಿಸಿ ಹಿಡಿಯುವ ನಾಲ್ಕು ಸಂಗಹವತ್ಥುಗಳನ್ನು ಹೇಳಿದ್ದಾರೆ. ದಾನ, ಪ್ರಿಯವಾದ ಮಾತು, ಉಪಯೋಗಕ್ಕೆ ಬರುವ ನಡೆ, ಕೊನೆಗೆ ಸಮಾನತ್ತತಾ, ಸಮಾನನಾಗಿ ನಡೆದುಕೊಳ್ಳುವುದು. ಓಡುವ ರಥದ ಚಕ್ರಕ್ಕೆ ಕಡಾಣಿ ಇದ್ದ ಹಾಗೆ ಲೋಕಕ್ಕೆ ಇವು ಎಂಬ ಹೋಲಿಕೆಯೂ ಅಲ್ಲೇ ಇದೆ. ಬಂಡಿ ನೋಡಿದವರಿಗೆ ಗೊತ್ತು, ಕಡಾಣಿ ಬಿದ್ದುಹೋದರೆ ಚಕ್ರ ಎಷ್ಟು ಗಟ್ಟಿ ಇದ್ದರೂ ಕಳಚಿಕೊಳ್ಳುತ್ತದೆ. ದಾನ ಒಂದನ್ನೇ ಇಟ್ಟುಕೊಂಡು ಸಮಾನತೆ ಬಿಟ್ಟರೆ ನಮ್ಮ ಕಾರಿನಲ್ಲಿ ಒಬ್ಬ ಧಣಿ, ಮೂವರು ಋಣಿಗಳು ಅಷ್ಟೇ. ಅದಕ್ಕೇ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಮುಂದಿನ ಸೀಟು ಸರದಿಯ ಮೇಲೆ. ಅವತ್ತು ಏನು ಓದಬೇಕು ಎಂದು ಆರಿಸುವವರು ಕಾರಿಲ್ಲದವರು. ಟೈರು, ಆಯಿಲ್, ಬ್ರೇಕಿನ ವಿಚಾರದಲ್ಲಿ ಲಾರಿಯವರ ಮಾತೇ ಕೊನೆ, ನಾನು ಶಿಷ್ಯ. ಸಣ್ಣ ಸಂಗತಿಗಳು. ನಿಯಮದ ಒಂದು ಅಕ್ಷರವೂ ಇದರಿಂದ ಬದಲಾಗಿಲ್ಲ.

ಒಂದು ಪ್ರಶ್ನೆ ಮಾತ್ರ ನಮ್ಮಲ್ಲಿ ಇತ್ಯರ್ಥವಾಗದೆ ಉಳಿದಿದೆ. ಹೆದ್ದಾರಿಯಲ್ಲಿ ನನಗೆ ಎದೆನೋವು ಬಂದು ಗಾಡಿ ಬದಿಗೆ ನಿಲ್ಲಿಸಿದೆ ಅಂದುಕೊಳ್ಳಿ. ಆಂಬುಲೆನ್ಸ್ ತಡ. ಪಕ್ಕದಲ್ಲಿ ಇರುವವರು ಲಾರಿಯವರು. ಅವರು ಸ್ಟೇರಿಂಗ್ ಹಿಡಿಯಬೇಕೇ? ಲೈಸೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದ ಪರದೇಶಿಯನ್ನು ಮನೆಗೆ ಕಳಿಸುತ್ತಾರೆ. ಅವರ ಸಂಬಳದ ಮೇಲೆ ಊರಲ್ಲಿ ಐದು ಜನ ಇದ್ದಾರೆ. ಇದನ್ನು ಓದಿನ ದಿನ ಕೇಳಿದಾಗ ಕೆಲವರು ಕಾನೂನು ಎಂದರು, ಕೆಲವರು ಕರುಣೆ ಎಂದರು, ಚರ್ಚೆ ರಾತ್ರಿಯವರೆಗೂ ನಡೆಯಿತು. ಲಾರಿಯವರು ಕೊನೆಯವರೆಗೆ ಸುಮ್ಮನಿದ್ದು, ಚಪ್ಪಲಿ ಹಾಕಿಕೊಳ್ಳುವಾಗ ಇಷ್ಟೇ ಹೇಳಿದರು: "ನಿಮಗ ಏನರ ಆದ್ರ ನಾ ಹೊಡೀತೀನ್ರಿ. ಆಮ್ಯಾಲ ಕಳಸಿದ್ರ ಕಳಸಲಿ." ಅವರಿಗೆ ಉತ್ತರ ಸಿಕ್ಕಿತ್ತು. ಅಂಥ ಉತ್ತರವನ್ನು ಅವರಿಂದ ಪಡೆಯುವ ಹಕ್ಕು ನನಗಿದೆಯೇ ಎಂಬುದು ನನ್ನ ಪ್ರಶ್ನೆ. ಬಂಧುಗಳು ಯೋಚಿಸಿ ಬರೆಯಿರಿ.

ಈ ಶುಕ್ರವಾರ ಚಾಳೀಸ್‌ಗಾಂವಿನ ಪ್ರಸಂಗದ ಓದು ಇದೆ. ಅಬ್ಬಾಸಿಯಾ ಕಡೆಯಿಂದ ಬರುವವರು ಗುರುವಾರ ರಾತ್ರಿಯೊಳಗೆ ತಿಳಿಸಿ, ಇನ್ನೂ ಒಂದು ಸೀಟು ಖಾಲಿ ಇದೆ.

ನಮೋ ಬುದ್ಧಾಯ. ಜೈ ಭೀಮ್.