ಗೆದ್ದಾಗ ‘ನಾವು’, ಸೋತಾಗ ‘ಅವನು’

ಆಟದ ಅಭಿಮಾನಿಗಳ ಮಾತಿಗೆ ಅದರದೇ ಒಂದು ವ್ಯಾಕರಣವಿದೆ. ತಂಡ ಗೆದ್ದರೆ ‘ನಾವು ಗೆದ್ದೆವು’ ಎನ್ನುತ್ತೇವೆ. ಸೋತರೆ ‘ಅವನಿಂದಾಗಿ ಸೋತರು’ ಎನ್ನುತ್ತೇವೆ. ಮೈದಾನಕ್ಕೆ ಇಳಿಯದೆಯೇ ಗೆಲುವಿನಲ್ಲಿ ಪಾಲು ಕೇಳುವ ನಾವು ಸೋಲನ್ನು ಮಾತ್ರ ಯಾರೋ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಇದು ನ್ಯಾಯವೇ? ಅಮೆರಿಕದ ಶಿಕಾಗೋ ನಗರದಲ್ಲಿ 2003ರಲ್ಲಿ ನಡೆದ ಒಂದು ಬೇಸ್‌ಬಾಲ್ ಪಂದ್ಯ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಅಲ್ಲಿನ ‘ಕಬ್ಸ್’ ತಂಡ ಕೊನೆಯ ಬಾರಿ ಪ್ರಶಸ್ತಿ ಗೆದ್ದದ್ದು 1908ರಲ್ಲಿ. 1945ರ ಬಳಿಕ ಅದು ಅಂತಿಮ ಸರಣಿಯಾದ ‘ವರ್ಲ್ಡ್ ಸೀರೀಸ್’ಗೆ ಅರ್ಹತೆಯನ್ನೂ ಪಡೆದಿರಲಿಲ್ಲ. ಆ ವರ್ಷ ತನ್ನ ಮೇಕೆಯೊಂದಿಗೆ ಪಂದ್ಯ ನೋಡಲು ಬಂದವನನ್ನು ಹೊರಗೆ ಕಳುಹಿಸಿದ್ದರಿಂದ ತಂಡಕ್ಕೆ ಶಾಪ ತಗುಲಿತೆಂಬ ಕತೆ ಊರಲ್ಲಿ ಪ್ರಚಾರದಲ್ಲಿತ್ತು. ಅಜ್ಜ, ಮಗ, ಮೊಮ್ಮಗ ಎಂದು ತಲೆಮಾರುಗಳೇ ಕಾದಿದ್ದವು.

2003ರ ಅಕ್ಟೋಬರ್ 14. ಏಳು ಪಂದ್ಯಗಳ ಸರಣಿಯಲ್ಲಿ ಕಬ್ಸ್ 3-2ರಿಂದ ಮುಂದಿತ್ತು. ಆರನೆಯ ಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ 3-0 ಮುನ್ನಡೆ. ಇನ್ನು ಐದು ಮಂದಿ ಔಟಾದರೆ ವರ್ಲ್ಡ್ ಸೀರೀಸ್. ಆಗ ಎದುರಾಳಿ ಫ್ಲೋರಿಡಾ ಮಾರ್ಲಿನ್ಸ್‌ನ ಆಟಗಾರ ಹೊಡೆದ ಚೆಂಡು ಗ್ಯಾಲರಿಯ ಅಂಚಿನತ್ತ ಬಂತು. ಹಿಡಿಯಲು ಕಬ್ಸ್‌ನ ಮೊಯ್ಸೆಸ್ ಅಲೂ ಹಾರಿದರು. ಮೇಲೆ ಕುಳಿತಿದ್ದ ಹಲವು ಪ್ರೇಕ್ಷಕರೂ ಕೈಚಾಚಿದರು. ಚೆಂಡು ಒಬ್ಬ ಯುವಕನ ಕೈಗೆ ತಗುಲಿ ಕ್ಯಾಚ್ ತಪ್ಪಿತು. ಆತ ಕಬ್ಸ್‌ನದೇ ಕಟ್ಟಾ ಅಭಿಮಾನಿ. ಪ್ರೇಕ್ಷಕನಿಂದ ಆಟಕ್ಕೆ ಅಡ್ಡಿಯಾಯಿತೆಂದು ಅಂಪೈರ್ ತೀರ್ಪು ಕೊಡಲಿಲ್ಲ.

ಆ ಚೆಂಡಿನಿಂದ ಎದುರಾಳಿಗೆ ಒಂದೇ ಒಂದು ರನ್ ಸಹ ಬಂದಿರಲಿಲ್ಲ. ಆದರೆ ಅದರ ಬಳಿಕ ಅದೇ ಇನಿಂಗ್ಸ್‌ನಲ್ಲಿ ಮಾರ್ಲಿನ್ಸ್ ಎಂಟು ರನ್ ಗಳಿಸಿತು. ಅನುಭವಿ ಆಟಗಾರ ಅಲೆಕ್ಸ್ ಗೊನ್ಸಾಲೆಸ್ ಕೈಗೆ ಬಂದ ಸುಲಭ ಚೆಂಡನ್ನು ಬಿಟ್ಟರು. ಚೆಂಡೆಸೆಯುವವರು ಹೊಡೆತ ತಿಂದರು. ಪಂದ್ಯ 8-3ರಿಂದ ಕೈತಪ್ಪಿತು. ಮರುದಿನ ಇನ್ನೊಂದು ಅವಕಾಶವಿತ್ತು. ಅಲ್ಲೂ ಒಂದು ಹಂತದಲ್ಲಿ ಮುಂದಿದ್ದ ಕಬ್ಸ್ 9-6ರಿಂದ ಸೋತಿತು.

ಸೋಲಿಗೆ ಇಷ್ಟೆಲ್ಲ ಕಾರಣಗಳಿದ್ದರೂ ಜನರು ಹುಡುಕಿಕೊಂಡದ್ದು ಒಬ್ಬನನ್ನೇ. ಗ್ಯಾಲರಿಯಲ್ಲಿ ಆ ಯುವಕನ ಮೇಲೆ ಬೈಗುಳದ ಜೊತೆಗೆ ಬಿಯರನ್ನೂ ಎರಚಲಾಯಿತು. ಕಾವಲಿನವರು ಆತನನ್ನು ಸುತ್ತುವರಿದು ಹೊರಗೆ ಕರೆದೊಯ್ದರು. ಮಾಧ್ಯಮಗಳು ಹೆಸರು ಬಯಲು ಮಾಡಿದವು. ಆತ ಲಿಖಿತವಾಗಿ ಕ್ಷಮೆ ಕೋರಿ ಸಾರ್ವಜನಿಕ ಬದುಕಿನಿಂದಲೇ ಮರೆಯಾದ. ಚೆಂಡು 1,13,000 ಡಾಲರಿಗೂ ಮಿಗಿಲಾಗಿ ಹರಾಜಾಯಿತು. 2004ರ ಫೆಬ್ರವರಿಯಲ್ಲಿ ಅದನ್ನು ಬಹಿರಂಗವಾಗಿ ಸ್ಫೋಟಿಸಲಾಯಿತು. ಆತನ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಅದನ್ನು ಬರೆದವರು ಈಗಾಗಲೇ ಸಾಕಷ್ಟಿದ್ದಾರೆ.

ಆತ ಮಾಡಿದ್ದಾದರೂ ಏನು? ಪಕ್ಕದವರೆಲ್ಲ ಮಾಡಿದ್ದನ್ನೇ. ಅವರೂ ಕೈಚಾಚಿದ್ದರು. ಚೆಂಡು ನಾಲ್ಕು ಬೆರಳು ಆಚೆ ಬಿದ್ದಿದ್ದರೆ ಇನ್ನೊಬ್ಬ ಅಪರಾಧಿಯಾಗುತ್ತಿದ್ದ. ಈತ ಬೈಯುವವರ ಸಾಲಿನಲ್ಲಿರುತ್ತಿದ್ದನೋ ಏನೋ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಜ್ಞಾನಿಗಳು 1976ರಲ್ಲಿ ಚರ್ಚಿಸಿದ ‘ನೈತಿಕ ಅದೃಷ್ಟ’ದ ಸಮಸ್ಯೆ ಇದೇ. ಇಬ್ಬರು ಒಂದೇ ಕೆಲಸ ಮಾಡಿದರೂ ಅವರ ಕೈಯಲ್ಲಿಲ್ಲದ ಪರಿಣಾಮವನ್ನು ನೋಡಿ ಒಬ್ಬನನ್ನು ಮಾತ್ರ ದೂಷಿಸುತ್ತೇವೆ. ನಮ್ಮ ದುಃಖಕ್ಕೆ ಹಲವು ಕಾರಣಗಳು ಒಗ್ಗುವುದಿಲ್ಲ, ಅದಕ್ಕೆ ಒಂದು ಮುಖ ಬೇಕು. ಮೇಕೆಯ ಶಾಪವನ್ನು ನಂಬಿದ ಊರಿಗೆ ಹರಕೆಯ ಕುರಿಯೂ ಸಿಕ್ಕಿತು.

ಅಭಿಮಾನವೇ ತಪ್ಪೆಂದು ನಾವು ಹೇಳುತ್ತಿಲ್ಲ. ಸೋಲಿಗೆ ಮರುಗದವನು ಗೆಲುವಿಗೆ ಹಿಗ್ಗಲಾರ. ತಲೆಮಾರುಗಳ ಕಾಲ ಕಾದವರು ತಂಡವನ್ನು ‘ನಾವು’ ಎನ್ನುವುದರಲ್ಲಿ ಸತ್ಯವಿದೆ. ಆದರೆ ಆ ‘ನಾವು’ ನಿಜವಾದರೆ ಕೈಚಾಚಿದ ಯುವಕನೂ ಅದರೊಳಗಿನವನೇ. ಗೆಲುವಿನ ದಿನ ಎಲ್ಲರನ್ನೂ ಒಳಗೆ ಕರೆದು, ಸೋಲಿನ ದಿನ ಒಬ್ಬನನ್ನು ಹೊರದಬ್ಬುವ ಗುಂಪನ್ನು ಬಳಗ ಎನ್ನಲಾದೀತೇ?

2016ರಲ್ಲಿ, 108 ವರ್ಷಗಳ ಬಳಿಕ, ಕಬ್ಸ್ ಪ್ರಶಸ್ತಿ ಗೆದ್ದಿತು. ಮರುವರ್ಷ ತಂಡದ ಆಡಳಿತ ಆತನಿಗೂ ವಿಜೇತರ ಉಂಗುರ ನೀಡಿತು. ಅದನ್ನು ಸ್ವೀಕರಿಸಿದ ಆತ, ಆಟವನ್ನು ಮನರಂಜನೆಯಾಗಿ ನೋಡಬೇಕು, ಯಾರನ್ನೂ ಬಲಿಪಶು ಮಾಡಬಾರದು ಎಂಬುದನ್ನು ತನ್ನ ಅನುಭವದಿಂದ ಎಲ್ಲರೂ ಕಲಿಯಲಿ ಎಂದು ಆಶಿಸಿದ. ಉಂಗುರ ಕೊಟ್ಟದ್ದು ಒಳ್ಳೆಯದೇ. ಆದರೆ ತಂಡ ಗೆಲ್ಲದೇ ಇದ್ದಿದ್ದರೆ ಆತನ ಪಾಡೇನಾಗುತ್ತಿತ್ತು? ಗೆದ್ದ ಮೇಲೆ ಉದಾರಿಗಳಾಗುವುದು ಸುಲಭ. ಆತನಿಗೆ ಜನರ ಆಸರೆ ಬೇಕಿದ್ದದ್ದು ಹದಿಮೂರು ವರ್ಷ ಮೊದಲು, ಸೋತ ಆ ರಾತ್ರಿ.

ಈ ಮಾತು ಆಟಕ್ಕಷ್ಟೇ ಸೀಮಿತವಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಸಮುದಾಯದಲ್ಲಿ ಏನಾದರೂ ಕೆಟ್ಟಾಗ ನಮ್ಮ ಬೆರಳು ಬೇಗನೆ ಒಬ್ಬರತ್ತ ತಿರುಗುತ್ತದೆ. ಬೆರಳು ತೋರುವ ಮುನ್ನ, ಅದೇ ಜಾಗದಲ್ಲಿ ಕುಳಿತಿದ್ದರೆ ನಾವೂ ಕೈಚಾಚುತ್ತಿರಲಿಲ್ಲವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.