ತೈಲದ ಋಣ, ನೀರಿನ ಋಣ

ಸಾಲ ತೀರಿಸಲು ಹೊರಟ ಮನೆಯ ಯಜಮಾನನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮಾತೊಂದುಂಟು: ಸಾಲ ತೀರಿತೋ, ಬೇರೊಬ್ಬರ ಹೆಸರಿಗೆ ವರ್ಗವಾಯಿತೋ? ದೇಶದ ವಿಷಯದಲ್ಲಿಯೂ ನಾವು ಇದನ್ನೇ ಕೇಳಬೇಕಾಗಿದೆ.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ. ದೂರದಲ್ಲಿ ಎಲ್ಲಿಯೋ ಯುದ್ಧವಾದರೆ ಇಲ್ಲಿ ತೈಲದ ಖರ್ಚು ಏರುತ್ತದೆ. ಈ ಪರಾಧೀನತೆ ತಪ್ಪಿಸಲು ಬ್ರೆಜಿಲ್ ದೇಶವು 1975ರಲ್ಲಿಯೇ ಕಬ್ಬಿನ ಇಥೆನಾಲ್ ದಾರಿ ಹಿಡಿಯಿತು. ನಮ್ಮ ಸರಕಾರವು 2001ರಲ್ಲಿ ಪ್ರಯೋಗಕ್ಕೆ ಆಯ್ದ ಸ್ಥಳಗಳಲ್ಲಿ ನಮ್ಮ ಮಿರಜವೂ ಒಂದು. 2003ರಲ್ಲಿ ಹಲವು ರಾಜ್ಯಗಳ ಪೆಟ್ರೋಲಿನಲ್ಲಿ ನೂರಕ್ಕೆ 5 ಪಾಲು ಇಥೆನಾಲ್ ಬೆರೆಸುವ ನೀತಿ ಬಂದಿತು. 2025ರಲ್ಲಿ ದೇಶದ ಪ್ರಮಾಣ 20 ಮುಟ್ಟಿತು.

ಇದರಿಂದ ಒಳಿತಾಗಿಲ್ಲವೆಂದು ನಾವು ಹೇಳುವುದಿಲ್ಲ. ಕಾರ್ಖಾನೆಗಳು ಸಕ್ಕರೆಯೊಂದನ್ನೇ ನಂಬಿ ಕೂಡ್ರುವುದು ತಪ್ಪಿತು. ಕಬ್ಬಿನ ಬಿಲ್ಲು ಬೇಗ ರೈತನ ಕೈಸೇರಲು ಅನುಕೂಲವಾಯಿತು.

ಆದರೆ ಅದೇ ಮಿರಜದಿಂದ 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಹೋಯಿತೆಂಬುದನ್ನು ನಾವು ಮರೆಯಬಾರದು. ಒಂದು ಲೀಟರ್ ಕಬ್ಬಿನ ಇಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಮಂಗಳವೇಢೆಯ ಜೋಳವನ್ನು ಹಿಂಗಾರಿನ ಹಸಿಯಲ್ಲೇ ಬೆಳೆದ ಸೀಮೆ ನಮ್ಮದು. ಇಲ್ಲಿ ಭೀಮೆಯ ನೀರನ್ನೂ ಬೋರಿನ ನೀರನ್ನೂ ಕಬ್ಬಿಗೇ ಸುರಿದರೆ, ತೈಲದ ಋಣವನ್ನು ಮೊಮ್ಮಕ್ಕಳ ಬಾವಿಯ ಹೆಸರಿಗೆ ಬರೆದಂತಾಗುವುದಿಲ್ಲವೇ? ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸರಕಾರವೇ ಕಬ್ಬಿನ ಹಾಲಿನಿಂದ ಇಥೆನಾಲ್ ಮಾಡುವುದಕ್ಕೆ ತಡೆ ಹಾಕಿತು. 2024ರಲ್ಲಿ ಅದನ್ನು ತೆರವು ಮಾಡಿತು. ಗೋವಿನಜೋಳದತ್ತ ಹೊರಳಿದಾಗ ಕೋಳಿ ಸಾಕುವವರಿಗೆ ಮೇವಿನ ಬೆಲೆ ಏರಿತು.

ಆದ್ದರಿಂದ ನೀತಿಗೊಂದು ಕ್ರಮವಿರಬೇಕು. ಮೊದಲು ಕುಡಿಯುವ ನೀರು, ಆಮೇಲೆ ಅನ್ನ ಮತ್ತು ಮೇವು, ಕೊನೆಗೆ ಗಾಡಿ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಇಥೆನಾಲ್ ಮಾಡುವುದು ಯೋಗ್ಯ. ಅದಕ್ಕಾಗಿಯೇ ಬರದ ನೆಲದಲ್ಲಿ ಕಬ್ಬು ಹೆಚ್ಚಿಸುವುದು ಯೋಗ್ಯವಲ್ಲ. ಹನಿ ನೀರಾವರಿ, ಹಳ್ಳಿಗೆ ಬಸ್ಸು, ವಿದ್ಯುತ್ ರೈಲು ಇವೂ ತೈಲ ಉಳಿಸುವ ನೀತಿಗಳೇ.

ಸರಕಾರಕ್ಕೆ ಇಷ್ಟು ಹೇಳಿದ ನಾವು ನಮಗೂ ಒಂದು ಮಾತು ಹೇಳಿಕೊಳ್ಳೋಣ. ಜಾತ್ರೆಗೆ ಒಂದೇ ಓಣಿಯಿಂದ ಹತ್ತು ಗಾಡಿಗಳಲ್ಲಿ ಬರುವ ನಾವು, ಒಂದೇ ಬಸ್ಸಿನಲ್ಲಿ ಕೂಡಿ ಬರಬಾರದೇಕೆ? ಸುಡದೆ ಉಳಿಸಿದ ಎಣ್ಣೆಗೆ ಯಾರ ಬಾವಿಯ ನೀರೂ ಬೇಕಿಲ್ಲ.